ಗೂಡುಪೆಟ್ಟಿಗೆ ತೂಗಿಸಿದರೆ ಸಾಲದು
(ತೋಟ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಹಕ್ಕಿಗಳ ಗೂಡುಪೆಟ್ಟಿಗೆಯ ಮಾತು ಎತ್ತಿದಾಗ ಹಿಂದಿನ ಬೆಂಚಿನಿಂದ ಒಬ್ಬ ಅಕ್ಕ ಎದ್ದು ನಿಂತರು. "ಉಪದೇಶಿಗಳೇ, ನಮ್ಮ ಲೈನ್ ಮನೆಯ ಮಾಡೇ ಸೋರುತ್ತದೆ. ಹಕ್ಕಿಗೆ ಮನೆ ಕಟ್ಟುವುದು ಯಾವ ನ್ಯಾಯ?" ಎಂದು ಕೇಳಿದರು. ಕೆಲವರು ನಕ್ಕರು. ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಮಾಡಿನ ಅರ್ಜಿ ಯೂನಿಯನ್ನಿನ ಕಡತದಲ್ಲಿದೆ, ಅದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೂ ಪೆಟ್ಟಿಗೆಯ ವಿಷಯ ಯಾಕೆ ಮಾತಾಡುತ್ತೇವೆ ಎಂಬುದಕ್ಕೆ ಇವತ್ತು ಉತ್ತರ ಕೊಡಬೇಕಾಗಿದೆ.

ನಮ್ಮಲ್ಲಿ ನಲವತ್ತು ದಾಟಿದವರಿಗೆ ಹೆಲಿಕಾಪ್ಟರಿನ ಸದ್ದು ನೆನಪಿರಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಟೀ ಸೊಳ್ಳೆಯನ್ನು ಕೊಲ್ಲಲೆಂದು ಎಂಡೋಸಲ್ಫಾನ್ ಸಿಂಪಡಿಸಿದರು. ಸದ್ದು ಕೇಳಿದೊಡನೆ ನಮ್ಮ ಅಮ್ಮಂದಿರು ಬಾವಿಗೆ ತೆಂಗಿನ ಮಡಲು ಮುಚ್ಚಲು ಓಡುತ್ತಿದ್ದರು. ಗಾಳಿಯಲ್ಲಿ ಇಳಿಯುವ ವಿಷವನ್ನು ಮಡಲು ತಡೆದೀತೇ? ಎಣ್ಮಕಜೆ, ಪಡ್ರೆ, ಮುಳಿಯಾರು ಕಡೆಯ ಎಷ್ಟೋ ಮನೆಗಳಲ್ಲಿ ಆ ಸಂಕಟ ಇಂದಿಗೂ ಮಂಚದ ಮೇಲೆ ಮಲಗಿದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೆಲ್ಲ ನಿಷೇಧಿಸಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ಹಿರಿಯರು ಜೇನು ಹೋಯಿತು, ಕಪ್ಪೆ ಹೋಯಿತು, ಬೆಳಗಿನ ಹಕ್ಕಿಯ ಸ್ವರ ಹೋಯಿತು ಎಂದು ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ನಮ್ಮ ಲೈನಿನಲ್ಲಿ ಅದನ್ನು ದಿನಾಂಕ ಹಾಕಿ ಬರೆದಿಟ್ಟವರು ಒಬ್ಬರೂ ಇರಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಡಿ, ಮತ್ತೆ ಇದಕ್ಕೇ ಬರುತ್ತೇವೆ.

ನಾವು ಹೇಳುವ ಹಕ್ಕಿ ಮಡಿವಾಳ. ಗಂಡು ಕಪ್ಪು ಬಿಳುಪು, ಹೆಣ್ಣು ಬೂದು ಬಣ್ಣ, ಬಾಲ ಯಾವಾಗಲೂ ಮೇಲೆ. ಮಲೆಯಾಳದಲ್ಲಿ ಮಣ್ಣಾತ್ತಿಪುಳ್ಳ್ ಎನ್ನುತ್ತಾರೆ, ಅಲ್ಲಿಯೂ ಬಟ್ಟೆ ಒಗೆಯುವವಳ ಹೆಸರೇ. ಭಾಷೆಯ ಜಗಳ ಈ ಹಕ್ಕಿಗೆ ತಟ್ಟಲಿಲ್ಲ! 2023ರಲ್ಲಿ ನಮ್ಮ ಜಿಲ್ಲೆ ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಹಕ್ಕಿಯೆಂದು ಸಾರಿತು. ಒಳ್ಳೆಯದೇ. ಆದರೆ ಅಂಗಳಕ್ಕೆ ಬಂದು ಹುಳ ಹೆಕ್ಕುವುದು ಮಡಿವಾಳ. ಅದು ಮರದ ಪೊಟರೆ, ಗೋಡೆಯ ತೂತು, ಹಂಚಿನ ಸಂದಿಯಲ್ಲಿ ಗೂಡು ಮಾಡುತ್ತದೆ. ಒಣಮರ ಸೌದೆಯಾಯಿತು, ಹಂಚಿನ ಮಾಡು ತಾರಸಿಯಾಯಿತು. ತೂತಿಲ್ಲದ ಗೋಡೆಯಲ್ಲಿ ಹಕ್ಕಿಗೆ ಜಾಗವೆಲ್ಲಿ?

ಇದೇ ತೊಂದರೆ ಅಮೆರಿಕದಲ್ಲಿ ನೀಲಿಹಕ್ಕಿ ಎಂಬ ಸಣ್ಣ ಹಕ್ಕಿಗೆ ಬಂದಿತ್ತು. 1851ರಲ್ಲಿ ನ್ಯೂಯಾರ್ಕಿನ ಬಳಿಯ ಬ್ರೂಕ್ಲಿನ್‌ಗೆ ಹಡಗಿನಲ್ಲಿ ತಂದ ಗುಬ್ಬಚ್ಚಿಗಳು ಹಬ್ಬಿ ಅದರ ಪೊಟರೆಗಳನ್ನು ಹಿಡಿದುಕೊಂಡವು. ನಮಗೆ ಪ್ರಿಯವಾದ ಗುಬ್ಬಿ ಅಲ್ಲಿ ಒಕ್ಕಲೆಬ್ಬಿಸುವ ಧಣಿ! 1934ರಲ್ಲಿ ಇಲಿನಾಯ್ ಪ್ರಾಂತದ ಮಸಲ್ಮನ್ ಎಂಬವರು ರಸ್ತೆಯ ಬದಿಯಲ್ಲಿ ಸಾಲಾಗಿ ಪೆಟ್ಟಿಗೆ ಇಡಲು ತೊಡಗಿದರು. 1978ರಲ್ಲಿ ಜೆಲೆನಿ ಎಂಬವರು ಅದಕ್ಕಾಗಿ ಒಂದು ಸಂಘವನ್ನೇ ಕಟ್ಟಿದರು. ಊರೂರಿನ ಸಾಮಾನ್ಯ ಜನರು ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಿ ಬರೆದಿಟ್ಟರು. ಹಕ್ಕಿ ಮರಳಿ ಹೆಚ್ಚಿತು.

ನಾವು ಮಾತ್ರ ಮೊದಲ ಸಲ ಪೆಟ್ಟಿಗೆ ತೂಗಿಸಿ ಕೈತೊಳೆದುಕೊಂಡೆವು. ಹಣ್ಣಿನ ಪೆಟ್ಟಿಗೆಯ ಹಲಗೆ, ಚಂದಕ್ಕೆ ಹಸಿರು ಪೇಂಟು, ಬಾಗಿಲಲ್ಲಿ ಕೂರಲು ಒಂದು ಕಡ್ಡಿ. ಮಾರ್ಚಿನಲ್ಲಿ ಸಭಾಭವನದ ಹಿಂದಿನ ಗೇರು ಮರಕ್ಕೆ ಕಟ್ಟಿದೆವು. ಮಡಿವಾಳ ಬಂತು, ನಾವು ಹಿಗ್ಗಿದೆವು. ಆಮೇಲೆ ಸಂಬಳದ ಮಾತುಕತೆ, ಮದುವೆ, ಮಳೆ. ಜೂನಿನಲ್ಲಿ ತೆರೆದರೆ ನಾಲ್ಕು ಮರಿಗಳ ಒಣ ಎಲುಬು, ಅದರ ಮೇಲೆ ಚಗಳಿ ಇರುವೆಯ ಸಾಲು. ನಾವು ಕರೆದ ಮನೆಯಲ್ಲೇ ಸತ್ತವು. ತಪ್ಪು ಚಗಳಿಯದ್ದಲ್ಲ. ಗೇರು ಮರದಲ್ಲಿ ಟೀ ಸೊಳ್ಳೆಯನ್ನು ಹಿಡಿದು ತಿನ್ನುವುದೂ ಅದೇ ಚಗಳಿ. ಹೆಲಿಕಾಪ್ಟರು ಮಾಡಹೊರಟ ಕೆಲಸವನ್ನು ಅದು ವಿಷವಿಲ್ಲದೆ ಮಾಡುತ್ತದೆ, ಅದನ್ನು ಕೊಲ್ಲಬಾರದು. ಪೆಟ್ಟಿಗೆಯನ್ನು ಚಗಳಿ ಇರುವ ಮರದಲ್ಲಿ ಕಟ್ಟಿದ್ದೇ ತಪ್ಪು.

ಆದುದರಿಂದ ಪೆಟ್ಟಿಗೆ ಮಾಡಿನ ಇಳಿಜಾರಿನ ಅಡಿ, ಗೋಡೆಯ ಮೇಲೆ ಇರಲಿ. ಇಲ್ಲವೇ ಕಬ್ಬಿಣದ ಪೈಪಿನ ಮೇಲೆ ನಿಲ್ಲಿಸಿ, ಕೆಳಗೆ ತಗಡನ್ನು ಕೊಳವೆಯಂತೆ ಸುತ್ತಿದರೆ ಕೇರೆ ಹಾವೂ ಬೆಕ್ಕೂ ಹತ್ತಲಾರವು. ಬಾಗಿಲ ತೂತು ಮಡಿವಾಳಕ್ಕೆ ಎರಡು ಇಂಚು, ಗುಬ್ಬಿಗೆ ಒಂದೂಕಾಲು ಇಂಚು ಸಾಕು. ಕೂರುವ ಕಡ್ಡಿ ಬೇಡ, ಅದು ಕಾಗೆಗೆ ಮೆಟ್ಟಿಲಾಗುತ್ತದೆ. ಒಳಗೆ ಪೇಂಟು ಬೇಡ, ತಗಡಿನ ಪೆಟ್ಟಿಗೆಯಂತೂ ಬೇಡವೇ ಬೇಡ, ಎಪ್ರಿಲ್ ಬಿಸಿಲಿಗೆ ಮರಿ ಬೆಂದುಹೋಗುತ್ತದೆ. ನಮ್ಮ ಮಳೆಗಾಳಿ ನೈಋತ್ಯದಿಂದ ಹೊಡೆಯುತ್ತದೆ, ಬಾಗಿಲು ಆ ಕಡೆಗೆ ಮುಖ ಮಾಡಬಾರದು. ಅಡಿಹಲಗೆಯಲ್ಲಿ ನೀರಿಳಿಯಲು ನಾಲ್ಕು ಸಣ್ಣ ತೂತು, ಪಕ್ಕದ ಒಂದು ಹಲಗೆ ತೆರೆಯುವಂತೆ ಬಿಜಾಗರಿ.

ಆ ಬಿಜಾಗರಿಯೇ ಮುಖ್ಯ. ವಾರಕ್ಕೊಮ್ಮೆ, ಮಳೆ ಇಲ್ಲದ ದಿನ, ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ತಟ್ಟಿ ತೆರೆಯಿರಿ. ತಾಯಿ ಹಾರಿಹೋಗಲು ಸಮಯ ಕೊಡಿ. ಒಂದು ನಿಮಿಷದೊಳಗೆ ನೋಡಿ ಮುಚ್ಚಬೇಕು. ಮೊಟ್ಟೆ ಎಷ್ಟು, ಮರಿ ಎಷ್ಟು, ಇರುವೆ ಇದೆಯೇ, ಇಷ್ಟೇ. ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ, ತಿಳಿ ನೀಲಿ ಹಸಿರಿನ ಮೇಲೆ ಕಂದು ಚುಕ್ಕೆ. ಎರಡು ವಾರದೊಳಗೆ ಒಡೆಯುತ್ತವೆ. ಮರಿಗಳಿಗೆ ಹತ್ತು ದಿನ ತುಂಬಿದ ಮೇಲೆ ಮಾತ್ರ ತೆರೆಯಬೇಡಿ, ಹೆದರಿ ಹಾರಲು ಬಾರದೆ ಹೊರಗೆ ಬೀಳುತ್ತವೆ. ಬಿದ್ದ ಮರಿಯನ್ನು ಕೈಯಲ್ಲೇ ಎತ್ತಿ ಒಳಗಿಡಿ. ಮನುಷ್ಯನ ವಾಸನೆಗೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಬರೀ ಮಾತು. ಆದರೆ ಮೊಟ್ಟೆ, ಮರಿಯನ್ನು ಸಾಕಲು ಒಯ್ಯುವುದು 1972ರ ವನ್ಯಜೀವಿ ಕಾನೂನಿನಂತೆ ಅಪರಾಧ, ಮಕ್ಕಳಿಗೆ ತಿಳಿಸಿ ಹೇಳಿ. ಮರಿ ಹಾರಿದ ಮೇಲೆ ಹಳೆಯ ಗೂಡನ್ನು ದೂರ ಎಸೆದು ಪೆಟ್ಟಿಗೆಯನ್ನು ಬಿಸಿಲಿಗೆ ಇಡಿ. ಇರುವೆ ಪೌಡರು ಹಾಕಬೇಡಿ.

ಕಳೆದ ವರ್ಷ ಮೇಲಿನ ಲೈನಿನಲ್ಲಿ ಪೆಟ್ಟಿಗೆ ನೋಡುವ ಕೆಲಸ ವಹಿಸಿಕೊಂಡವಳು ನಡೆಯಲಾಗದ ಒಬ್ಬ ಹುಡುಗಿ. ಜಗಲಿಯ ಕುರ್ಚಿಯಿಂದ ಬಾಗಿಲ ತೂತು ಅವಳಿಗೆ ನೇರವಾಗಿ ಕಾಣುತ್ತದೆ. ಅಣ್ಣ ತೆರೆದು ಹೇಳುತ್ತಾನೆ, ಅವಳು ಬರೆಯುತ್ತಾಳೆ. ಒಂದು ಮಧ್ಯಾಹ್ನ ತಾಯಿಹಕ್ಕಿ ಹುಳ ಹಿಡಿದುಕೊಂಡು ಒಳಗೆ ಹೋಗದೆ ಮಾಡಿನ ಮೇಲೆ ಕೂತು ಅರಚುತ್ತಿದೆ ಎಂದು ಅವಳೇ ಕೂಗಿ ಕರೆದಳು. ಹೋಗಿ ನೋಡಿದರೆ ಇರುವೆ ಸಾಲು ಗೋಡೆ ಹತ್ತುತ್ತಿತ್ತು. ಪೆಟ್ಟಿಗೆಗೆ ತಾಗಿದ್ದ ಹಲಸಿನ ಕೊಂಬೆ ಕಡಿದೆವು, ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಮೂರು ಮರಿಗಳು ಹಾರಿದವು. ಒಂದು ಉಳಿಯಲಿಲ್ಲ, ಅದನ್ನೂ ಅವಳು ಬರೆದಿದ್ದಾಳೆ.

ಅಕ್ಕ, ನಿಮಗೆ ನಮ್ಮ ಉತ್ತರ ಆ ಪುಸ್ತಕ. ನಾಳೆ ಯಾವುದಾದರೂ ತೋಟದಲ್ಲಿ ಹೊಸ ಮದ್ದು ಹೊಡೆದು ಪೆಟ್ಟಿಗೆಗಳಲ್ಲಿ ಮರಿಗಳು ಒಟ್ಟಿಗೆ ಸತ್ತರೆ, ಯಾವ ತಾರೀಕು, ಯಾವ ಲೈನು, ಎಷ್ಟು ಮರಿ ಎಂದು ನಮ್ಮ ಕೈಬರಹದಲ್ಲಿ ಇರುತ್ತದೆ. ಅರ್ಜಿಯ ಜೊತೆ ಅದನ್ನೂ ಇಡಬಹುದು.

ಈಗ ಫೆಬ್ರವರಿ, ಗಂಡು ಹಾಡಲು ತೊಡಗಿದೆ. ಹಳೆಯ ಪೆಟ್ಟಿಗೆಗಳನ್ನು ಈ ವಾರವೇ ಇಳಿಸಿ ತೊಳೆಯಬೇಕು. ಹಲಗೆ, ಮೊಳೆ, ಬಿಜಾಗರಿ ಹೊರಗಿನ ಜಗಲಿಯಲ್ಲಿವೆ, ಗರಗಸ ಎರಡೇ ಇದೆ. ಲೈನಿಗೊಂದು ನೋಟ್‌ಪುಸ್ತಕ, ಅದರಲ್ಲಿ ಬರೆಯುವವರ ಹೆಸರನ್ನು ಹೋಗುವ ಮೊದಲು ಹೇಳಿ ಹೋಗಿ.