ಗೋಲಿನ ಕಾವಲು

ಕಾಲ್ಚೆಂಡಿನಾಟದಲ್ಲಿ ಗೋಲು ಹೊಡೆದವನಿಗೆ ಚಪ್ಪಾಳೆ. ತಡೆದವನನ್ನು ನೆನೆಯುವವರು ವಿರಳ. ತಡೆಯುವುದೂ ಒಂದು ವಿದ್ಯೆಯೆಂದು ತೋರಿಸಿಕೊಟ್ಟವರಲ್ಲಿ ಇಟಲಿಯ ಅರ್ರಿಗೊ ಸಾಕ್ಕಿ ಒಬ್ಬರು.

1987ರಲ್ಲಿ ಅವರು ಮಿಲಾನ್ ತಂಡದ ಶಿಕ್ಷಕರಾಗಿ ಬಂದಾಗ ಹಲವರು ಹುಬ್ಬೇರಿಸಿದರು. ಅವರು ಹೆಸರಾಂತ ಆಟಗಾರರಾಗಿರಲಿಲ್ಲ. ಹಿಂದೆ ಪಾದರಕ್ಷೆ ಮಾರುತ್ತಿದ್ದವರು. ಗುಲಿಟ್, ವಾನ್ ಬಾಸ್ಟೆನ್‌ರಂಥ ಮುಂಚೂಣಿಯ ವೀರರಿಗೂ ಅವರ ಮಾತು ಒಡನೆ ರುಚಿಸಲಿಲ್ಲ. ಸಾಕ್ಕಿ ವಾದಕ್ಕಿಳಿಯಲಿಲ್ಲ. ಗೋಲ್‌ಕೀಪರನೊಡನೆ ನಾಲ್ವರು ರಕ್ಷಕರನ್ನು ನಿಲ್ಲಿಸಿ, ಎದುರಿಗೆ ಹತ್ತು ಮಂದಿಯನ್ನು ಬಿಟ್ಟು, 15 ನಿಮಿಷದಲ್ಲಿ ಗೋಲು ಹೊಡೆಯಿರಿ ಎಂದರು. ಅವರೇ ಹೇಳಿಕೊಂಡಿರುವಂತೆ, ಒಂದು ಗೋಲೂ ಆಗಲಿಲ್ಲ.

ಇದರ ಗುಟ್ಟೇನು? ಆಗಿನ ಇಟಲಿಯಲ್ಲಿ ರಕ್ಷಕನು ತನಗೆ ಗೊತ್ತುಮಾಡಿದ ಎದುರಾಳಿಯ ಬೆನ್ನುಹತ್ತುವುದು ವಾಡಿಕೆ. ಸಾಕ್ಕಿಯವರ ಪಾಠ ಬೇರೆ: ಚೆಂಡು, ಬಯಲು, ಜೊತೆಗಾರ, ಎದುರಾಳಿ, ಈ ನಾಲ್ಕನ್ನೂ ನೋಡಿ ಎಲ್ಲರೂ ಒಂದಾಗಿ ಸರಿಯಬೇಕು. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಸುಮಾರು 25 ಮೀಟರಿಗಿಂತ ಹೆಚ್ಚು ಅಂತರ ಕೂಡದು. ಚೆಂಡು ತಪ್ಪಿಹೋದೊಡನೆ ಮುಂಚೂಣಿಯವನೇ ಮೊದಲ ಕಾವಲುಗಾರ.

1987-88ರ ಲೀಗಿನ 30 ಪಂದ್ಯಗಳಲ್ಲಿ ಮಿಲಾನ್ ಬಿಟ್ಟುಕೊಟ್ಟದ್ದು 14 ಗೋಲು ಮಾತ್ರ. ಪ್ರಶಸ್ತಿಯೂ ಅದಕ್ಕೇ ಸಂದಿತು. 1989 ಮತ್ತು 1990ರಲ್ಲಿ ಯೂರೋಪಿಯನ್ ಕಪ್ಪೂ ಒಲಿಯಿತು.

ಬೇಲಿ ನಿಲ್ಲುವುದು ಒಂದು ಗೂಟದ ಬಲದಿಂದಲ್ಲ, ಹೆಣಿಗೆಯಿಂದ.