ಗಿಟಾರಿಗೆ ಎಂಥ ಸ್ಪೀಕರ್ ಪೆಟ್ಟಿಗೆ?



ಘಾಟಿ ಸುಬ್ರಹ್ಮಣ್ಯದ ಜಾತ್ರೆಯಿರಲಿ, ದೇವನಹಳ್ಳಿಯ ಗಣೇಶೋತ್ಸವವಿರಲಿ, ಹೊಸಕೋಟೆಯ ಬಡಾವಣೆಯೊಂದರ ರಾಜ್ಯೋತ್ಸವವಿರಲಿ, ರಾತ್ರಿಯ ರಸಮಂಜರಿ ಕಾರ್ಯಕ್ರಮದಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಗಾಯಕರ ಬಾಯಿ ಆಡುವುದು ಕಾಣುತ್ತದೆ. ಹಾಡಿನ ಮಾತು ಮಾತ್ರ ಕಿವಿಗೆ ದಕ್ಕುವುದಿಲ್ಲ. ಎದೆಗೆ ಬಡಿಯುವ ‘ಗುಂ’ ಎಂಬ ಸದ್ದೊಂದು ಎಲ್ಲವನ್ನೂ ನುಂಗಿಬಿಡುತ್ತದೆ. ನಾವು ಧ್ವನಿವರ್ಧಕದವರನ್ನು ದೂರುತ್ತೇವೆ. ಆದರೆ ಎಷ್ಟೋ ವೇಳೆ ಈ ದೋಷದ ಒಂದು ಪಾಲು ಗಿಟಾರ್ ವಾದಕನ ಹಿಂದೆ ನಿಂತಿರುವ ಮರದ ಪೆಟ್ಟಿಗೆಗೆ ಸೇರಿದ್ದು.

ನಮ್ಮ ಜಿಲ್ಲೆಯ ಯುವಕರು ಈಗ ತಮ್ಮದೇ ವಾದ್ಯವೃಂದ ಕಟ್ಟುತ್ತಿದ್ದಾರೆ. ಗಿಟಾರಿಗೆ, ಆಂಪ್ಲಿಫೈಯರಿಗೆ ಹಣ ಹೊಂದಿಸುವುದೇ ಕಷ್ಟ. ಅದರ ಮೇಲೆ ಪೆಟ್ಟಿಗೆಯನ್ನೂ ತಪ್ಪಾಗಿ ಆರಿಸಿದರೆ ಮನೆಯವರ ಉಳಿತಾಯ ವ್ಯರ್ಥವಾಗುತ್ತದೆ. ಆದ್ದರಿಂದ ಮಂದ್ರಸ್ವರ ಬಿಗಿಯಾಗಿ ನುಡಿಯುವ ಪೆಟ್ಟಿಗೆಯನ್ನು ಆರಿಸುವುದು ಹೇಗೆಂಬುದನ್ನು ನೋಡೋಣ.

ಮೊದಲು ‘ಬಿಗಿ’ ಎಂದರೇನು? ಜೋಕಾಲಿಯನ್ನು ಒಮ್ಮೆ ನೂಕಿ ಬಿಟ್ಟರೆ ಅದು ಹಲವು ಸಲ ಆಡಿ ನಿಲ್ಲುತ್ತದೆ. ಸ್ಪೀಕರಿನ ಕಾಗದದ ಶಂಕುವೂ ಹಾಗೆಯೇ. ತಂತಿ ನಿಂತೊಡನೆ ಶಂಕುವೂ ನಿಂತರೆ ಅದು ಬಿಗಿಯಾದ ಮಂದ್ರ. ತಂತಿ ನಿಂತ ಮೇಲೂ ಶಂಕು ತನ್ನ ಪಾಡಿಗೆ ಆಡುತ್ತಿದ್ದರೆ ಅದು ಸಡಿಲ ಮಂದ್ರ. ಬಿಗಿ ಎಂದರೆ ಬೇಸ್ ಕಡಿಮೆ ಎಂದಲ್ಲ, ಹೆಚ್ಚು ಎಂದೂ ಅಲ್ಲ. ಹೊತ್ತಿಗೆ ಸರಿಯಾಗಿ ಆರಂಭವಾಗಿ ಹೊತ್ತಿಗೆ ಸರಿಯಾಗಿ ಮುಗಿಯುವುದು.

ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ, ಅಂದರೆ 82 ಹರ್ಟ್ಸ್. ಬೇಸ್ ಗಿಟಾರಿನದು ಅದರ ಅರ್ಧ, 41 ಹರ್ಟ್ಸ್. ತಗ್ಗಿನ ಸದ್ದು ಜೋರಾದಾಗ ತನಗಿಂತ ಮೇಲಿನ ಸದ್ದುಗಳನ್ನು ಮರೆಮಾಡುತ್ತದೆ. ಗಿಟಾರ್ ಪೆಟ್ಟಿಗೆ 100ರಿಂದ 200 ಹರ್ಟ್ಸ್‌ವರೆಗೆ ಗುಂಗುಟ್ಟಿದರೆ ಬೇಸ್ ಗಿಟಾರ್, ಡ್ರಮ್, ಪುರುಷ ಗಾಯಕನ ಕಂಠ ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಹಾಡಿನ ಮಾತು ಕೇಳದಿರುವುದಕ್ಕೆ ಇದೇ ಒಂದು ಮುಖ್ಯ ಕಾರಣ.

ಈಗ ಪೆಟ್ಟಿಗೆಯ ಬಗೆಗಳು. ಒಂದು, ಬೆನ್ನು ತೆರೆದದ್ದು. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. 82 ಹರ್ಟ್ಸಿನ ಅಲೆಯ ಉದ್ದ ನಾಲ್ಕು ಮೀಟರಿಗೂ ಮಿಗಿಲು. ಅರ್ಧ ಮೀಟರಿನ ಪೆಟ್ಟಿಗೆ ಅದಕ್ಕೆ ಅಡ್ಡಿಯೇ ಅಲ್ಲ. ಮುಂದಿನ ಅಲೆಯೂ ಹಿಂದಿನ ಅಲೆಯೂ ಸುತ್ತಿ ಬಂದು ಪರಸ್ಪರ ಕಳೆದುಕೊಳ್ಳುತ್ತವೆ. ಚಿಕ್ಕ ಕೋಣೆಯಲ್ಲಿ, ಮೆಲುವಾದ ವಾದನಕ್ಕೆ ಇದು ಇಂಪಾಗಿರುತ್ತದೆ. ಸದ್ದು ಕೋಣೆಯ ತುಂಬ ಹರಡುತ್ತದೆ. ಆದರೆ ಶಂಕುವಿನ ಹಿಂದೆ ಗಾಳಿಯ ಹಿಡಿತವಿಲ್ಲದ ಕಾರಣ ಜೋರಾಗಿ ನುಡಿಸಿದಾಗ ಮಂದ್ರ ಸಡಿಲಗೊಳ್ಳುತ್ತದೆ.

ಎರಡು, ಬೆನ್ನು ಪೂರ್ತಿ ಮುಚ್ಚಿದ್ದು. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದು ನಿಲ್ಲಿಸುತ್ತದೆ. ಮನೆಯ ಸಂಗೀತಕ್ಕೆ ಈ ತತ್ತ್ವವನ್ನು ಪೂರ್ಣವಾಗಿ ಬಳಸಿದವರು ಅಮೆರಿಕದ ಎಡ್ಗರ್ ವಿಲ್ಚರ್, 1954ರಲ್ಲಿ. ಗಿಟಾರಿಗೆ ನಾಲ್ಕು 12 ಇಂಚಿನ ಸ್ಪೀಕರುಗಳ ಮುಚ್ಚಿದ ಪೆಟ್ಟಿಗೆಯನ್ನು ಹೆಸರುವಾಸಿ ಮಾಡಿದವರು ಲಂಡನ್ನಿನ ಜಿಮ್ ಮಾರ್ಷಲ್, 1960ರ ದಶಕದಲ್ಲಿ. ಮೂರು, ಮುಂದೆ ರಂಧ್ರವುಳ್ಳದ್ದು. ಅಳತೆ ಸರಿಯಾಗಿದ್ದರೆ ಇದು ಬೇಸ್ ಗಿಟಾರಿಗೆ ಬಹಳ ಉಪಯುಕ್ತ. ಆದರೆ ಕಣ್ಣಂದಾಜಿನಲ್ಲಿ ಕೊರೆದ ರಂಧ್ರ ಒಂದೇ ಸ್ವರವನ್ನು ಎತ್ತಿ ಹಿಡಿದು ಗುಂಗುಟ್ಟುತ್ತದೆ.

ಹಾಗಾದರೆ ಮುಚ್ಚಿದ ಪೆಟ್ಟಿಗೆ ಚಿಕ್ಕದಾದಷ್ಟೂ ಬಿಗಿಯೇ? ಇಲ್ಲ. ಇಲ್ಲಿಯೇ ಹಲವರು ಎಡವುತ್ತಾರೆ. ಗಾಳಿಯ ಸ್ಪ್ರಿಂಗ್ ಗಡುಸಾದಷ್ಟೂ ಸ್ಪೀಕರಿನ ಸಹಜ ಕಂಪನ ಮೇಲೇರುತ್ತದೆ. ಉದಾಹರಣೆಗೆ, 75 ಹರ್ಟ್ಸಿನ ಸ್ಪೀಕರೊಂದನ್ನು ಅದರ ಅಮಾನತಿನ ಗಡಸುತನಕ್ಕೆ ಸಮನಾದ ಗಾಳಿಯುಳ್ಳ ಪೆಟ್ಟಿಗೆಯಲ್ಲಿ ಕೂರಿಸಿದರೆ ಅದು ಸುಮಾರು 106 ಹರ್ಟ್ಸಿಗೆ ಏರುತ್ತದೆ. ಪೆಟ್ಟಿಗೆ ಇನ್ನೂ ಚಿಕ್ಕದಾದರೆ ಅದೇ ಜಾಗದಲ್ಲಿ ಒಂದು ಉಬ್ಬು ಹುಟ್ಟುತ್ತದೆ. ನಮಗೆ ಬೇಡವಾದ ಗುಂ ಎಂಬ ಸದ್ದು ಅದೇ. ಈ ಲೆಕ್ಕವನ್ನು ಕ್ರಮಬದ್ಧಗೊಳಿಸಿದವರು ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್, 1961ರಲ್ಲಿ, ಮತ್ತು 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್. ಒಳ್ಳೆಯ ಸ್ಪೀಕರುಗಳ ತಯಾರಕರು ಇವರ ಹೆಸರಿನ ಅಂಕಿಗಳನ್ನು ಒದಗಿಸುತ್ತಾರೆ. ಕೊಳ್ಳುವಾಗ ಅದನ್ನು ಕೇಳಿ ಪಡೆಯಿರಿ. ಪೆಟ್ಟಿಗೆಯ ಗಾತ್ರವನ್ನು ಬಡಗಿಯ ಬಳಿಯಿರುವ ಹಲಗೆಯ ಅಳತೆ ನಿರ್ಧರಿಸಬಾರದು. ಆ ಅಂಕಿಗಳು ನಿರ್ಧರಿಸಬೇಕು.

ಮರದ ವಿಚಾರ. ಒತ್ತಿ ಮಾಡಿದ ಹೊಟ್ಟಿನ ಹಲಗೆ ಅಗ್ಗ. ಆದರೆ ತೇವ ತಗುಲಿದರೆ ಉಬ್ಬುತ್ತದೆ, ಮೊಳೆ ಹಿಡಿಯುವುದಿಲ್ಲ. ಜಾತ್ರೆಯಿಂದ ಜಾತ್ರೆಗೆ ಟೆಂಪೋದಲ್ಲಿ ಓಡಾಡುವ ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಲೇಸು. ಬೆನ್ನಿನ ಹಲಗೆ ಅಗಲವಾಗಿದ್ದರೆ ನಡುವೆ ಒಂದು ಅಡ್ಡಪಟ್ಟಿ ಕಡ್ಡಾಯ. ನೆಲಮಂಗಲದಲ್ಲಿಯೋ ದೊಡ್ಡಬಳ್ಳಾಪುರದಲ್ಲಿಯೋ ನಿಮಗೆ ಗೊತ್ತಿರುವ ಬಡಗಿಯಿಂದಲೇ ಮಾಡಿಸಬಹುದು. ಆದರೆ ಸಂದುಗಳಲ್ಲಿ ಗಾಳಿ ಸೋರಕೂಡದು. ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ನೋಡಿ. ಮಡಕೆ ಕೊಳ್ಳುವಾಗ ತಟ್ಟುವ ರೂಢಿ ನಮಗಿದೆ. ಅಲ್ಲಿ ಮೊಳಗಿದರೆ ಒಳ್ಳೆಯದು, ಇಲ್ಲಿ ಮೊಳಗಿದರೆ ಕೆಟ್ಟದ್ದು. ಪೆಟ್ಟಿಗೆ ‘ಟಕ್’ ಎಂದು ಸುಮ್ಮನಾಗಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಹೀಗಿರಲಿ. ನಿಮ್ಮದೇ ಗಿಟಾರ್, ಸಾಧ್ಯವಾದರೆ ನಿಮ್ಮದೇ ಆಂಪ್ಲಿಫೈಯರ್ ಒಯ್ಯಿರಿ. ಬೇಸ್ ತಿರುಪನ್ನು ನಡುವೆ ಇಡಿ. ದಪ್ಪ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ಮೀಟಿ, ತಟ್ಟನೆ ನಿಲ್ಲಿಸಿ, ಸದ್ದೂ ನಿಂತಿತೇ ಎಂದು ಕೇಳಿ. ಬಳಿಕ ಒಂದೊಂದೇ ಮನೆ ಏರುತ್ತ ನುಡಿಸಿ. ಯಾವುದೋ ಒಂದು ಸ್ವರ ಮಾತ್ರ ಎದ್ದು ಕೂಗಿದರೆ ಅದು ಪೆಟ್ಟಿಗೆಯ ದೋಷವೋ ಕೋಣೆಯ ದೋಷವೋ ತಿಳಿಯಲು ಪೆಟ್ಟಿಗೆಯನ್ನು ಬೇರೆಡೆಗೆ ಸರಿಸಿ ಮತ್ತೆ ನುಡಿಸಿ. ಮೆಲ್ಲಗೆ ನುಡಿಸಿದಾಗ ಎಲ್ಲ ಪೆಟ್ಟಿಗೆಗಳೂ ಸಜ್ಜನರಂತೆ ಇರುತ್ತವೆ. ವೇದಿಕೆಯ ಮಟ್ಟದಲ್ಲಿ ನುಡಿಸಿಯೇ ತೀರ್ಮಾನಿಸಿ.

ಜೋಡಣೆಯಲ್ಲಿಯೂ ಎಚ್ಚರ ಬೇಕು. 8 ಓಮ್‌ನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ಸರಣಿಯಲ್ಲಿ ಜೋಡಿಸಿದರೆ 16 ಓಮ್. ಆಂಪ್ಲಿಫೈಯರಿನ ಬೆನ್ನಿನಲ್ಲಿ ಬರೆದದ್ದಕ್ಕೆ ಇದು ಹೊಂದಬೇಕು, ಇಲ್ಲವಾದರೆ ಅದು ಸುಟ್ಟುಹೋದೀತು. ಗಿಟಾರಿನ ಸಣ್ಣ ತಂತಿಯನ್ನು ಇಲ್ಲಿ ಬಳಸಬೇಡಿ. ದಪ್ಪ ತಾಮ್ರದ ಗಿಡ್ಡ ತಂತಿ ಇದ್ದಷ್ಟೂ ಶಂಕುವಿನ ಮೇಲೆ ಆಂಪ್ಲಿಫೈಯರಿನ ಹಿಡಿತ ಹೆಚ್ಚು.

ಕೊಂಡ ಮೇಲೆ ಇಡುವ ಜಾಗ. ದೊಡ್ಡಬಳ್ಳಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿದ್ಯುತ್ ಮಗ್ಗದ ಬಡಿತ ನೆಲದ ಮೂಲಕ ಪಕ್ಕದ ಮನೆಗೆ ದಾಟುವುದನ್ನು ಅವರು ಬಲ್ಲರು. ಟೊಳ್ಳು ಹಲಗೆಯ ವೇದಿಕೆಯ ಮೇಲೆ ಪೆಟ್ಟಿಗೆಯನ್ನು ನೇರವಾಗಿ ಇಟ್ಟರೆ ವೇದಿಕೆಯೇ ಒಂದು ಡೊಳ್ಳಾಗುತ್ತದೆ. ಅದನ್ನು ಗಟ್ಟಿಯಾದ ಬೆಂಚಿನ ಮೇಲೆ, ದಪ್ಪ ರಬ್ಬರ್ ಹಾಸಿ, ಗೋಡೆಯ ಮೂಲೆಯಿಂದ ದೂರ ಇಡಿ. ಈಗ ನಿಮ್ಮ ಬಳಿ ಇರುವ ಪೆಟ್ಟಿಗೆಯೂ ಇಷ್ಟರಿಂದಲೇ ಸುಧಾರಿಸಬಹುದು. ಹೊಸದನ್ನು ಕೊಳ್ಳುವ ಮುನ್ನ ಇದನ್ನೊಮ್ಮೆ ಮಾಡಿ ನೋಡಿ.

ನಮ್ಮ ಬಯಲು ವೇದಿಕೆಗಳಿಗೆ ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆ ಬೇಕೆಂದಿಲ್ಲ. ಬೆನ್ನು ಮುಚ್ಚಿದ, 12 ಇಂಚಿನ ಎರಡು ಸ್ಪೀಕರುಗಳ ಪೆಟ್ಟಿಗೆ ಸಾಕು. ಇಬ್ಬರು ಹಿಡಿದು ಮೆಟ್ಟಿಲು ಹತ್ತಬಹುದು. ಅದರ ಮುಂದೆ ಒಂದು ಮೈಕ್ ಇಟ್ಟು, ಜನರಿಗೆ ಮುಟ್ಟಿಸುವ ಹೊಣೆಯನ್ನು ಧ್ವನಿವರ್ಧಕಕ್ಕೆ ಬಿಡಿ. ಆಳದ ಮಂದ್ರವನ್ನು ಬೇಸ್ ಗಿಟಾರ್ ವಾದಕನಿಗೆ ಬಿಟ್ಟುಕೊಡಿ.

ಕೊನೆಯದಾಗಿ ನೆರೆಹೊರೆಯ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಸರ್ಕಾರ ಸಡಿಲಿಸಿದ ಕೆಲವು ಹಬ್ಬದ ದಿನಗಳ ಹೊರತು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಈ ಅಳತೆಯಲ್ಲಿ ತಗ್ಗಿನ ಸದ್ದಿಗೆ ಕಡಿಮೆ ತೂಕ. ಆದರೆ ಗೋಡೆ ತೂರಿ ಹೋಗುವುದು ಅದೇ ಸದ್ದು. ಮಾಪಕ ಸುಮ್ಮನಿದ್ದರೂ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು, ಮಲಗಿರುವ ರೋಗಿ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಅಭ್ಯಾಸದ ದಿನ ಒಬ್ಬರನ್ನು ಆ ಮನೆಗೆ ಕಳುಹಿಸಿ ಕೇಳಿಸಿ ನೋಡಿ. ಅಲ್ಲಿ ಗುಂ ಎನ್ನದ ಪೆಟ್ಟಿಗೆ ವೇದಿಕೆಯ ಮೇಲೆ ಗಾಯಕನ ಮಾತಿಗೂ ಎಡೆಗೊಡುತ್ತದೆ.