ಬಾಯಿಮಾತಿನ 'ಇಲ್ಲ'ವನ್ನು ಕಾಗದಕ್ಕೆ ಇಳಿಸೋಣ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಹಾಸ್ಟೆಲ್ಲಿನ ಅನ್ನದಲ್ಲಿ ಹುಳ ಸಿಕ್ಕರೆ ನಾವೆಲ್ಲ ತಟ್ಟೆ ಹಿಡಿದು ಬೀದಿಗೆ ಬರುತ್ತೇವೆ. ಅದು ನಮಗೆ ಗೊತ್ತಿರುವ ಹೋರಾಟ. ಆದರೆ ಓದು ಮುಗಿಸಿ ಬಾಡಿಗೆ ಮನೆ ಹುಡುಕುವಾಗ ನಾವು ಒಬ್ಬೊಬ್ಬರೇ. ಮನೆಯೊಡೆಯ ಊರು ಕೇಳ್ತಾನೆ, ಅಪ್ಪನ ಹೆಸರು ಕೇಳ್ತಾನೆ, 'ನೀವು ಯಾವ ಪೈಕಿ?' ಅಂತಾನೆ. ಆಮೇಲೆ 'ನಮ್ಮ ತಂಗಿ ಮಗ ಬರ್ತಿದಾನೆ, ಮನೆ ಖಾಲಿ ಇಲ್ಲ' ಅಂತಾನೆ. ಟು-ಲೆಟ್ ಬೋರ್ಡು ಮಾತ್ರ ಮಾರನೇ ದಿನವೂ ನೇತಾಡ್ತಿರುತ್ತದೆ. ಬ್ಯಾಂಕಿಗೆ ಹೋದರೆ 'ನಾಳೆ ಬಾರಪ್ಪ'. ಎರಡು ಕಡೆಯೂ ಕಾಗದದ ಮೇಲೆ ಒಂದಕ್ಷರ ಇಲ್ಲ. ಜಾತಿ ಇವತ್ತು ಬದುಕಿರೋದೇ ಹೀಗೆ, ಗುರುತು ಬಿಡದೆ.

1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರನ್ನೇ ಬರೋಡದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗಟ್ಟಿದರು. ಜಾತಿಯ ಕಾರಣಕ್ಕೆ ಮನೆ ಕೊಡದಿರೋದು ಅವತ್ತು ಅಪರಾಧವಾಗಿರಲಿಲ್ಲ. ಇವತ್ತು ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಕಲಮಿನಲ್ಲಿ ಬಾವಿ, ಅಂಗಡಿಗಳ ಜೊತೆಗೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವ, ಕೊಳ್ಳುವ, ವಾಸ ಮಾಡುವ ಹಕ್ಕೂ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಅದನ್ನು ತಡೆದರೆ 1ರಿಂದ 6 ತಿಂಗಳು ಜೈಲು. ನಮ್ಮ ಎಷ್ಟೋ ಜನ ವಕೀಲರೇ ಮರೆತಿರುವ 12ನೇ ಕಲಮು ಇನ್ನೂ ಮುಖ್ಯ: ಬಾಧಿತರು ಪರಿಶಿಷ್ಟ ಜಾತಿಯವರಾದರೆ ಕಾರಣ ಅಸ್ಪೃಶ್ಯತೆಯೇ ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿಯದು. ತಡೆದ ಅನ್ನೋದನ್ನು ಮಾತ್ರ ನಾವು ತೋರಿಸಬೇಕು.

ಹೇಗೆ ತೋರಿಸೋದು? ಅಮೆರಿಕದ ಕರಿಯರನ್ನು ನೋಡಿ ಕಲಿಯೋಣ. ಅಲ್ಲಿ 1968ರಲ್ಲಿ ವಸತಿ ತಾರತಮ್ಯದ ವಿರುದ್ಧ ಕಾನೂನು ಬಂತು. ಅವರು ಒಂದೇ ಮನೆಗೆ ಒಬ್ಬ ಕರಿಯರನ್ನೂ ಒಬ್ಬ ಬಿಳಿಯರನ್ನೂ ಬೇರೆಬೇರೆಯಾಗಿ ಕಳಿಸಿ ನೋಡಿದರು. ಕರಿಯಳಿಗೆ 'ಖಾಲಿ ಇಲ್ಲ', ಬಿಳಿಯನಿಗೆ 'ಬನ್ನಿ'. ಹೀಗೆ ಪರೀಕ್ಷೆಗೆಂದು ಹೋಗಿ ಸುಳ್ಳು ಕೇಳಿಸಿಕೊಂಡವರಿಗೂ ದಾವೆ ಹೂಡುವ ಹಕ್ಕುಂಟು ಅಂತ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ನಮ್ಮ ತರಗತಿಯ ಮೇಲ್ಜಾತಿ ಗೆಳೆಯರು ಪ್ರಗತಿಪರ ಮಾತು ಬಹಳ ಆಡ್ತಾರಲ್ಲ, ಒಂದು ಸಂಜೆ ಅದೇ ಮನೆ ಬಾಗಿಲು ತಟ್ಟಿ ಬರಲಿ. ಏನು ಹೇಳಿದರು, ಯಾವ ದಿನ, ಎಷ್ಟು ಹೊತ್ತಿಗೆ, ಇಬ್ಬರೂ ಅವತ್ತೇ ಬರೆದು ಸಹಿ ಮಾಡಿ ಇಡಲಿ.

ಆ ಬರಹ ಹಿಡಿದು ಠಾಣೆಗೆ ಹೋಗಿ. ಜೊತೆಗೇ ರಾಜ್ಯದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗಕ್ಕೂ ದೂರು ಬರೆಯಿರಿ. ರಾಷ್ಟ್ರೀಯ ಆಯೋಗಕ್ಕೆ ಸಂವಿಧಾನದ 338ನೇ ವಿಧಿಯಲ್ಲಿ ಸಿವಿಲ್ ಕೋರ್ಟಿನಂತೆ ಅಧಿಕಾರಿಯನ್ನು ಕರೆಸುವ, ಕಡತ ತರಿಸುವ ಅಧಿಕಾರ ಇದೆ. ಆಯೋಗ ಶಿಕ್ಷೆ ಕೊಡೋದಿಲ್ಲ, ಶಿಫಾರಸು ಮಾಡುತ್ತದೆ ಅಷ್ಟೆ. ಆದರೂ ಕಡತ ಹಿಡಿದು ಬಂದು ನಿಲ್ಲಬೇಕಾದ ಸಾಹೇಬ ಬೆವರುತ್ತಾನೆ.

ಬ್ಯಾಂಕಿನ ವಿಷಯ ಸ್ವಲ್ಪ ಜಟಿಲ. ಸಾಲ ಕೊಡೋದು ಬಿಡೋದು ಬ್ಯಾಂಕಿನ ವ್ಯಾಪಾರದ ತೀರ್ಮಾನ ಅಂತ ಹೇಳಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ದೂರು ತಳ್ಳಿಹಾಕಬಹುದು. ಅದಕ್ಕೇ 'ಸಾಲ ಕೊಡಲಿಲ್ಲ' ಅಂತಷ್ಟೇ ಬರೆದು ಸುಮ್ಮನಾಗಬೇಡಿ. ರಿಸರ್ವ್ ಬ್ಯಾಂಕಿನದೇ ಸೂಚನೆ ಇದೆ: ಪರಿಶಿಷ್ಟರ ಸಾಲದ ಅರ್ಜಿಯನ್ನು ಶಾಖೆಯ ಮಟ್ಟದಲ್ಲಿ ತಿರಸ್ಕರಿಸಬಾರದು, ಅದರ ಮೇಲಿನ ಕಚೇರಿಯೇ ತಿರಸ್ಕರಿಸಬೇಕು, ಕಾರಣವನ್ನು ಸ್ಪಷ್ಟವಾಗಿ ಕಾಣಿಸಬೇಕು. ಮ್ಯಾನೇಜರ್ ಕೌಂಟರಿನಲ್ಲೇ ಅರ್ಜಿ ವಾಪಸ್ ತಳ್ಳಿದರೆ ಮುರಿದದ್ದು ಈ ನಿಯಮ. ಅದನ್ನೇ ಬರೆಯಿರಿ.

ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮೊದಲ ದೂರು ಬ್ಯಾಂಕಿಗೇ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂಬುಡ್ಸ್‌ಮನ್‌ಗೆ. ಶುಲ್ಕ ಇಲ್ಲ, ವಕೀಲರೂ ಬೇಡ. ಸರ್ಕಾರಿ ಬ್ಯಾಂಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಅರ್ಜಿಯ ಮೇಲೆ ಯಾರು ಏನು ಷರಾ ಬರೆದರು ಅಂತ ಕೇಳಬಹುದು.

ಎಲ್ಲದಕ್ಕೂ ಎರಡು ನಕಲು ಮಾಡಿಸಿ. ಒಂದು ನಿಮ್ಮ ಟ್ರಂಕಿಗೆ, ಇನ್ನೊಂದು ಸಂಘಟನೆಗೆ. ಒಂದೇ ಬೀದಿ, ಒಂದೇ ಶಾಖೆಯ ಮೇಲೆ ಐದಾರು ದೂರು ಸೇರಿದಾಗ ಆಯೋಗದ ಮುಂದೆ ಒಟ್ಟಿಗೇ ಹೋಗೋಣ.